ಹಬ್ಬಕ್ಕೆ ಬಂದ ನಾದಿನಿ

(ಈ ಪ್ರಕರಣದಲ್ಲಿ ಹೆಸರು, ಮನೆಯ ವಿವರ, ಕೆಲಸ ಮಾಡುವ ಜಾಗ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯುವ ಮುಂಚೆ ಮೂವರನ್ನೂ ಕೇಳಿ ಒಪ್ಪಿಗೆ ಪಡೆದಿದ್ದೇನೆ.)

ಪ್ರೇಮಮ್ಮನವರನ್ನು ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕಳಿಸಿದ್ದು ಅವರ ಬಿಪಿ ನೋಡುವ ಡಾಕ್ಟರು. ವರ್ಷಗಟ್ಟಲೆ ಒಂದೇ ಮಾತ್ರೆಯಲ್ಲಿ ಹತೋಟಿಯಲ್ಲಿದ್ದ ಬಿಪಿ, ಡಿಸೆಂಬರ್ ಎರಡನೇ ವಾರದಲ್ಲಿ 170/100 ತೋರಿಸಿತ್ತು. ಡಾಕ್ಟರು ಮಾತ್ರೆ ಬದಲಿಸಿ, ಚೀಟಿಯ ಹಿಂದೆ "ನಿದ್ದೆ ಇಲ್ಲ. ಮಾತಾಡಿದರೆ ಅಳು. ಮನೆಯಲ್ಲಿ ಏನೋ ಇದೆ" ಅಂತ ಬರೆದು ಕಳಿಸಿದ್ದರು.

ಪ್ರೇಮಮ್ಮನವರಿಗೆ 66. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ನಿವೃತ್ತರಾದವರು. ಗಂಡ ಸುಂದರರಾಜ್‌ಗೆ 69, ಬ್ಯಾಂಕಿನಲ್ಲಿದ್ದವರು. ಮಕ್ಕಳು ನೆಲೆ ನಿಂತ ಮೇಲೆ ಇಬ್ಬರೂ ಹಾಸನದ ಮನೆ ಬಾಡಿಗೆಗೆ ಕೊಟ್ಟು, ಕೋಲಾರ ಜಿಲ್ಲೆಯ ಒಂದು ಮಿಷನ್ ಹಾಸ್ಟೆಲಿಗೆ ಬಂದರು. ಸಂಬಳ ಇಲ್ಲ. ಇರೋಕೆ ಎರಡು ಕೋಣೆಯ ಮನೆ, ನೋಡಿಕೊಳ್ಳೋಕೆ ನಲವತ್ತರ ಹತ್ತಿರ ಮಕ್ಕಳು, ಭಾನುವಾರ ಸುತ್ತಲಿನ ಹಳ್ಳಿಗಳಲ್ಲಿ ಪ್ರಾರ್ಥನಾ ಕೂಟ. ಮಿಷನರಿ ಅಂದರೆ ಇವತ್ತಿಗೂ ಹ್ಯಾಟು ಹಾಕಿದ ಬಿಳಿಯರೇ ಕಣ್ಣ ಮುಂದೆ ಬರುತ್ತಾರೆ, ಅಲ್ವಾ? ನಮ್ಮವರೇ ಸೇರಿ ನ್ಯಾಷನಲ್ ಮಿಷನರಿ ಸೊಸೈಟಿ ಕಟ್ಟಿದ್ದು 1905ರಲ್ಲಿ. ಅದೂ ಕ್ರಿಸ್ಮಸ್ ದಿನವೇ. ಇಂಥ ಹಿರಿಯ ದಂಪತಿಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಮಕ್ಕಳು ಇವರನ್ನು ತಾತ, ಅಜ್ಜಿ ಅಂತಲೇ ಕರೆಯುತ್ತವೆ. ಮನೆಮಾತು ತೆಲುಗು ಇರುವ ಮಕ್ಕಳ ಜೊತೆ ಮಾತಾಡೋಕೆ ಅಂತ ಪ್ರೇಮಮ್ಮ ಆ ವಯಸ್ಸಿನಲ್ಲಿ ತೆಲುಗು ಕಲಿತಿದ್ದಾರೆ.

ಈ ಸಲ ಹಬ್ಬಕ್ಕೆ ಸುಂದರರಾಜ್ ಅವರ ತಂಗಿ ಕೃಪಾ ಹುಬ್ಬಳ್ಳಿಯಿಂದ ಬಂದಿದ್ದರು. ರಿಟೈರ್ಡ್ ಟೀಚರ್, 63 ವರ್ಷ. ಜೂನ್‌ನಲ್ಲಿ ಗಂಡ ತೀರಿಕೊಂಡಿದ್ದರು. ಡಿಸೆಂಬರ್ 1ಕ್ಕೆ ಬಂದವರು ಜನವರಿ 2ಕ್ಕೆ ವಾಪಸ್ ಅಂತ ಟಿಕೆಟ್ ಮಾಡಿಸಿದ್ದರು.

"ಬರಲಿ ಪಾಪ ಅಂತ ನಾನೇ ಕರೆದೆ ಮೇಡಂ" ಅಂದರು ಪ್ರೇಮಮ್ಮ. ಆಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ.

ಅವರ ಡಿಸೆಂಬರ್ ಹೇಗಿರುತ್ತೆ ಅಂತ ಗಂಟೆ ಗಂಟೆಯಾಗಿ ಹೇಳಿಸಿದೆ. ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು, ಹಾಸ್ಟೆಲ್ ಅಡುಗೆಯವಳು ಬರುವ ಹೊತ್ತಿಗೆ ಸಾಮಾನು ತೆಗೆದುಕೊಡಬೇಕು. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಹಬ್ಬದ ತಯಾರಿ. ಸಂಡೇ ಸ್ಕೂಲ್ ನಾಟಕಕ್ಕೆ ಬಟ್ಟೆ, ಸ್ತ್ರೀಯರ ಕೂಟದವರ ಜೊತೆ ಕಜ್ಜಾಯ, ಚಕ್ಕುಲಿ. ಸಂಜೆ ಯಾರಾದರೂ ಬಂದೇ ಬರುತ್ತಾರೆ. ರಾತ್ರಿ ಎಂಟಕ್ಕೆ ಗಂಡ ಯುವಕರ ಜೊತೆ ಕ್ಯಾರಲ್ಸಿಗೆ ಹೊರಡುತ್ತಾರೆ. ಒಂದು ಟೆಂಪೋ, ಎರಡು ಗಿಟಾರು, ಒಂದು ಡೋಲು, ಒಬ್ಬ ಸಾಂಟಾ. ಪ್ರತಿ ಮನೆಯಲ್ಲೂ ಎರಡು ಹಾಡು, ಒಂದು ಪ್ರಾರ್ಥನೆ, ಟೀ, ಕೇಕು. ವಾಪಸ್ ಬರುವಾಗ ರಾತ್ರಿ ಒಂದು. ಅಲ್ಲಿವರೆಗೂ ಪ್ರೇಮಮ್ಮ ಎದ್ದಿರುತ್ತಾರೆ.

"ಯಾಕೆ ಎದ್ದಿರ್ತೀರಿ?"

"ಬಾಗಿಲು ತೆಗೀಬೇಕಲ್ಲ."

ಮನೆಗೆ ಎರಡನೇ ಕೀಲಿಕೈಯೇ ಇರಲಿಲ್ಲ. ನಾಲ್ಕು ವರ್ಷದಿಂದ ಯಾರಿಗೂ ಅದು ಹೊಳೆದಿರಲಿಲ್ಲ.

ಇದರ ನಡುವೆ ನಾದಿನಿ. ಬಿಸಿನೀರು ಹೊತ್ತಿಗೆ ಸರಿಯಾಗಿ ಬೇಕು, ಸಾರು ಖಾರ ಆಯಿತು, ಮಕ್ಕಳ ಗಲಾಟೆ ಜಾಸ್ತಿ, "ಇದೇನು ಮನೇನಾ ಛತ್ರಾನಾ ಅತ್ತಿಗೆ?" ಇಷ್ಟನ್ನೂ ಪ್ರೇಮಮ್ಮ ನುಂಗಿಕೊಂಡಿದ್ದರು. ನುಂಗೋಕಾಗದೆ ಹೋದದ್ದು ಕಲ್ಕಲ್ ಮಾಡುವ ದಿನ.

ಕಲ್ಕಲ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೈದಾಹಿಟ್ಟಿಗೆ ಮೊಟ್ಟೆ, ತೆಂಗಿನ ಹಾಲು, ಸಕ್ಕರೆ ಹಾಕಿ ಕಲಸಿ, ಗೋಲಿಯಷ್ಟು ಉಂಡೆ ಮಾಡಿ, ಫೋರ್ಕಿನ ಬೆನ್ನಿನ ಮೇಲೆ ಒತ್ತಿ ಸುರುಳಿ ಸುತ್ತಿ, ಎಣ್ಣೆಯಲ್ಲಿ ಕರಿಯೋದು. ಕೆಜಿಎಫ್ ಕಡೆಯ ಕ್ರೈಸ್ತರ ಮನೆಗಳಲ್ಲಿ ಇದಿಲ್ಲದೆ ಹಬ್ಬ ಇಲ್ಲ. ಸುಂದರರಾಜ್, ಕೃಪಾ ಇಬ್ಬರೂ ಬೆಳೆದದ್ದು ಅಲ್ಲೇ, ತಂದೆ ಗಣಿ ಆಫೀಸಿನಲ್ಲಿ ಗುಮಾಸ್ತರು. ನಾದಿನಿಗೆ ಇಷ್ಟ ಅಂತಲೇ ಪ್ರೇಮಮ್ಮ ಎರಡು ಕೆಜಿ ಮೈದಾ ಕಲಸಿ ಕೂತಿದ್ದರು. ನಡುವೆ ನಾಟಕದ ರಿಹರ್ಸಲ್ ನೋಡೋಕೆ ಎದ್ದರು, ಬಿದ್ದು ಮಂಡಿ ತರಚಿಕೊಂಡ ಹುಡುಗನಿಗೆ ಡ್ರೆಸ್ಸಿಂಗ್ ಮಾಡೋಕೆ ಎದ್ದರು, ಫೋನಿಗೆ ಎದ್ದರು. ಕೃಪಾ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. "ಅತ್ತಿಗೆ, ನೀವು ಥೇಟ್ ಮಾರ್ಥ" ಅಂದರು.

ನಾನು ಕ್ರೈಸ್ತಳಲ್ಲ. ಅದರಲ್ಲಿ ಬೇಜಾರಾಗುವಂಥದ್ದು ಏನಿದೆ ಅಂತ ಕೇಳಬೇಕಾಯಿತು. ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಯೇಸು ಇಬ್ಬರು ಅಕ್ಕತಂಗಿಯರ ಮನೆಗೆ ಬರುತ್ತಾರೆ. ಮಾರ್ಥ ಅಡುಗೆ, ಉಪಚಾರ ಅಂತ ಓಡಾಡುತ್ತಾಳೆ. ಮರಿಯ ಕಾಲ ಬಳಿ ಕೂತು ಮಾತು ಕೇಳುತ್ತಾಳೆ. ಒಳ್ಳೆಯ ಭಾಗ ಆರಿಸಿಕೊಂಡವಳು ಮರಿಯ ಅಂತ ಯೇಸು ಹೇಳುತ್ತಾರೆ. ಅಂದರೆ, ಸೇವೆಗೇ ಅಂತ ಮನೆ ಬಿಟ್ಟು ಬಂದ ಹೆಂಗಸಿಗೆ "ನಿನ್ನ ಸೇವೆ ಲೆಕ್ಕಕ್ಕಿಲ್ಲ" ಅಂದ ಹಾಗಾಯಿತು. ಪ್ರೇಮಮ್ಮ ಹಿಟ್ಟು ಹಾಗೇ ಬಿಟ್ಟು, ಹಾಸ್ಟೆಲ್ಲಿನ ಸ್ಟೋರ್ ರೂಮಿಗೆ ಹೋಗಿ ಅಕ್ಕಿ ಮೂಟೆಗಳ ನಡುವೆ ಕೂತರು. ಆಮೇಲೆ ಇಬ್ಬರ ನಡುವೆ ಮಾತೇ ನಿಂತಿತು. ಮೈದಾ ಹಿಟ್ಟು ಹುಳಿ ಬಂದು ದನಕ್ಕೆ ಹೋಯಿತು.

ಮೊದಲು ಆರೋಗ್ಯ. ವಯಸ್ಸಾದವರ ಖಿನ್ನತೆ ಗುರುತಿಸೋಕೆ 15 ಪ್ರಶ್ನೆಗಳ ಒಂದು ಪಟ್ಟಿ ಇದೆ, ಎಲ್ಲ ಹೌದು-ಇಲ್ಲ ಅನ್ನುವ ಉತ್ತರ. ಐದು ದಾಟಿದರೆ ಮನೋವೈದ್ಯರಿಗೆ ತೋರಿಸಿ ಅನ್ನುತ್ತೇನೆ. ಪ್ರೇಮಮ್ಮನವರದು ಅಷ್ಟಕ್ಕೆ ಹೋಗಿರಲಿಲ್ಲ, ಆದರೆ ಅಂಚಿನಲ್ಲಿತ್ತು. ನಿದ್ದೆ ಬಾರದ ರಾತ್ರಿ ತೀರಾ ತಡೆಯೋಕಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, 24 ಗಂಟೆಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ ಅಂತ ನಂಬರ್ ಬರೆದುಕೊಟ್ಟೆ.

ಅವರು ನಾದಿನಿಯನ್ನೇ ದೂರುತ್ತಿದ್ದರೂ ನನ್ನ ಕಿವಿ ಮಾತ್ರ ಗಂಡನ ಕಡೆಗಿತ್ತು. ಒಮ್ಮೆಯೂ ಅವರ ಬಗ್ಗೆ ಒಂದು ಮಾತು ಬರಲಿಲ್ಲ. ತಂಗಿ ಬಂದಿರುವುದು ಅಣ್ಣನ ಮನೆಗೆ. ಅಣ್ಣ ಎಲ್ಲಿ? ಕೇಳಿದೆ. "ಅವರು ಸೇವೇಲಿ ಇರ್ತಾರಲ್ಲ ಮೇಡಂ" ಅಂದರು.

ಈ ಮಾತು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಗಂಡ ಕುಡಿದು ತಡವಾಗಿ ಬಂದರೆ ಜಗಳ ಆಡಬಹುದು. ಇಸ್ಪೀಟಾಡಿ ಬಂದರೆ ಚಿಲಕ ಹಾಕ್ಕೊಂಡು ಮಲಗಬಹುದು. ಪ್ರಾರ್ಥನೆ ಮುಗಿಸಿ ರಾತ್ರಿ ಒಂದಕ್ಕೆ ಬಂದವರನ್ನು ಏನು ಅನ್ನೋದು? ದೇವರ ಕೆಲಸ ಅಂದ ತಕ್ಷಣ ಮನೆಯವರ ಬಾಯಿ ಕಟ್ಟುತ್ತೆ. ಮಠದ ದಾಸೋಹಕ್ಕೆ ಓಡಾಡುವವರ ಮನೆಯಲ್ಲೂ ಹೀಗೇ, ಸಂಘ, ಸಮಾಜ ಅಂತ ತಿರುಗುವವರ ಮನೆಯಲ್ಲೂ ಹೀಗೇ. ಸೇವೆ ಮಾಡುವವರು ಕೆಟ್ಟವರಲ್ಲ. ಸುಂದರರಾಜ್ ಅಂತೂ ನಿಜವಾಗಿ ಒಳ್ಳೆಯ ಮನುಷ್ಯ. ಆದರೆ ಒಳ್ಳೆಯ ಕೆಲಸಕ್ಕೆ ಬೇಲಿ ಇಲ್ಲದಿದ್ದರೆ ಅದು ಮನೆಯವರ ಹೊತ್ತನ್ನೆಲ್ಲ ಮೇಯುತ್ತೆ, ಕೇಳುವವರೂ ಇರಲ್ಲ.

ಕೃಪಾ ಅವರು ಬಂದದ್ದು ಮನಸ್ಸಿಲ್ಲದೆ. ಒಬ್ಬರೇ ಮಾತಾಡಬೇಕು ಅಂದೆ. ಮೊದಲ ಅರ್ಧ ಗಂಟೆ ಟೀಚರ್ ಥರವೇ ನನ್ನನ್ನು ಪ್ರಶ್ನೆ ಕೇಳಿದರು. ಯಾವ ಕಾಲೇಜು, ಎಷ್ಟು ವರ್ಷದ ಅನುಭವ, ಫೀಸು ಎಷ್ಟು. ಆಮೇಲೆ ತಾವೇ ಹೇಳಿದರು: "ನಾನು ಅತ್ತಿಗೆ ಅಡುಗೆಗೆ ಹೆಸರಿಡೋಕೆ ಬಂದಿಲ್ಲ. ಹುಬ್ಬಳ್ಳಿ ಮನೇಲಿ ಪ್ರತಿ ವರ್ಷ ಸ್ಟಾರ್ ಕಟ್ತಿದ್ದೋರು ಅವರು. ಏಣಿ ಹತ್ತಿ, ವೈರ್ ಎಳೆದು. ಈ ಸಲ ಆ ಮನೇಲಿ ಇರೋಕೆ ನನ್ನ ಕೈಲಾಗಲ್ಲ ಅಂತ ಬಂದೆ. ಅಣ್ಣ ಸ್ಟೇಷನ್ನಿಂದ ಕರ್ಕೊಂಡು ಬಂದ. ಅಷ್ಟೇ. ಇವತ್ತಿನ ತನಕ ನನ್ನ ಎದುರು ಕೂತು, ಹೇಗಿದ್ದೀಯ ಅಂತ ಕೇಳಿಲ್ಲ."

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ. ಅಣ್ಣನ ಮೇಲಿನ ಕೋಪ ಕೈಗೆ ಸಿಕ್ಕ ಅತ್ತಿಗೆ ಮೇಲೆ.

ದುಃಖ ಆರು ತಿಂಗಳು ದಾಟಿಯೂ ದಿನದ ಬದುಕನ್ನೇ ನಿಲ್ಲಿಸುವ ಹಾಗಿದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಬೇಕಾಗುತ್ತೆ. ಕೃಪಾ ಅವರದು ಹಾಗಿರಲಿಲ್ಲ. ಊಟ, ನಿದ್ದೆ, ಓದು ಎಲ್ಲ ಇತ್ತು. ಇದು ಗಂಡ ಇಲ್ಲದ ಮೊದಲ ಹಬ್ಬದ ಸಂಕಟ, ಯಾರಿಗಾದರೂ ಆಗುವಂಥದ್ದು.

ನಿಮಗೆ ಏನು ಬೇಕು ಅಂತ ಕೇಳಿದೆ. ಮಕ್ಕಳಿಗೆ ಹಾಡು ಹೇಳಿಕೊಡ್ತೀರಾ ಅನ್ನುವ ಯೋಚನೆ ಪ್ರೇಮಮ್ಮನಿಗಿತ್ತು. ಕೃಪಾ ಕೈ ಆಡಿಸಿಬಿಟ್ಟರು. "ಮೂವತ್ತೈದು ವರ್ಷ ಮಕ್ಕಳ ಮೇಲೆ ಕೂಗಾಡಿದ್ದೀನಿ, ಸಾಕು." ಅವರಿಗೆ ಬೇಕಾಗಿದ್ದು ಎರಡು. ಅಣ್ಣನ ಜೊತೆ ಒಂದು ದಿನ ಕೆಜಿಎಫ್‌ಗೆ ಹೋಗಿ ಅಪ್ಪ ಅಮ್ಮನ ಸಮಾಧಿ ನೋಡಬೇಕು. ಇನ್ನೊಂದು, 25ರ ಬೆಳಗಿನ ಆರಾಧನೆಗೆ ಬರೋದಿಲ್ಲ. ಆ ಹಾಡುಗಳನ್ನು ಈ ವರ್ಷ ಕೇಳೋಕಾಗಲ್ಲ.

ಸುಂದರರಾಜ್ ಎದುರು ತಕರಾರು ಬಂದದ್ದು ಈ ಎರಡನೆಯದಕ್ಕೆ. ಮೂವರನ್ನೂ ಕೂರಿಸಿಕೊಂಡಿದ್ದೆ. "ಮಿಷನರಿ ಮನೆಯವರೇ ಬರದಿದ್ದರೆ ಸಭೆಯವರು ಏನಂತಾರೆ?" ಅಂದರು. "ಏನಂದರೂ ಕೇಳಿಸಿಕೊಳ್ಳಬೇಕಾದವರು ನೀವು. ತಂಗಿ ಅಲ್ಲ" ಅಂದೆ. ಅವರಿಗೆ ಇಷ್ಟ ಆಗಲಿಲ್ಲ. ಪರವಾಗಿಲ್ಲ. ದುಃಖದಲ್ಲಿರುವವರನ್ನು ಹಬ್ಬದ ಮುಂದಿನ ಬೆಂಚಿನಲ್ಲಿ ಕೂರಿಸೋದು ಮನೆಯ ಮರ್ಯಾದೆಗಾಗಿ ಮಾಡುವ ಕೆಲಸ. ಅದರಿಂದ ಅವರಿಗೇನೂ ಸಿಗಲ್ಲ.

ರಜೆಯ ಮಾತು ತೆಗೆದಾಗ "ಸೇವೆಗೆ ರಜೆ ಉಂಟಾ ಮೇಡಂ?" ಅಂತ ನಕ್ಕರು. ಬ್ಯಾಂಕಿನಲ್ಲಿದ್ದಾಗ ರಜೆ ತಗೊಳ್ತಿದ್ರಾ ಅಂತ ಕೇಳಿದೆ. "ಎಲ್ಲಿ? ರಿಟೈರ್ ಆಗುವಾಗ 240 ದಿನದ್ದು ಎನ್‌ಕ್ಯಾಶ್ ಮಾಡಿಸಿಕೊಂಡೆ" ಅಂದರು, ಹೆಮ್ಮೆಯಿಂದಲೇ.

"ಗೊತ್ತಾಯ್ತಲ್ಲ ಮೇಡಂ, ಇವರು ಆಗಲೂ ಮನೇಲಿರಲಿಲ್ಲ" ಅಂದರು ಪ್ರೇಮಮ್ಮ. ಕೃಪಾ ಜೋರಾಗಿ ನಕ್ಕರು. ಅತ್ತಿಗೆ, ನಾದಿನಿ ಒಂದೇ ಕಡೆ ನಿಂತದ್ದು ಅದೇ ಮೊದಲು. ಬೈಬಲ್ ವಿಷಯ ನಾನು ಎತ್ತೋದಿಲ್ಲ, ನನಗೆ ಆ ಅಧಿಕಾರವೂ ಇಲ್ಲ. ಪ್ರೇಮಮ್ಮನೇ ಎತ್ತಿದರು. ಊಟಕ್ಕೂ ಪುರುಸೊತ್ತಿಲ್ಲದೆ ದುಡಿದ ಶಿಷ್ಯರನ್ನು ಸ್ವಲ್ಪ ದಣಿವಾರಿಸಿಕೊಳ್ಳಿ ಅಂತ ಯೇಸುವೇ ಕರೆದದ್ದು ಮಾರ್ಕನ ಆರನೇ ಅಧ್ಯಾಯದಲ್ಲಿದೆಯಲ್ಲ ಅಂತ ಗಂಡನನ್ನು ಕೇಳಿದರು. ಸುಂದರರಾಜ್ ತಲೆ ತಗ್ಗಿಸಿ ಕನ್ನಡಕ ಒರೆಸಿಕೊಂಡರು.

ಕೊನೆಗೆ ಮೂವರಿಗೂ ಹೇಳಿದ್ದು ಹೀಗೆ. ಸುಂದರರಾಜ್ ಕ್ಯಾರಲ್ಸಿಗೆ ದಿನ ಬಿಟ್ಟು ದಿನ ಹೋಗಬೇಕು, ಉಳಿದ ದಿನ ಪ್ರಾರ್ಥನೆಯನ್ನು ಯುವಕರೇ ಮಾಡಲಿ. ಮಾಡೋದು ಅವರೂ ಕಲಿಯಬೇಕಲ್ಲ. ಹೋಗುವ ದಿನ ಏಳೂವರೆಗೆ ಊಟ ಮಾಡಿಯೇ ಹೊರಡಬೇಕು. ಇದನ್ನು ಒತ್ತಿ ಹೇಳೋಕೆ ಕಾರಣ ಇತ್ತು. ಅವರು ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಊಟ ಬಿಟ್ಟು ಹೋಗಿ, ಒಂದು ರಾತ್ರಿ ಟೆಂಪೋದಲ್ಲಿ ಬೆವರಿ ನಡುಗಿದ್ದರು. ಹುಡುಗರು ಕೇಕು ತಿನ್ನಿಸಿ ಸುಧಾರಿಸಿದ್ದರು. ಮನೆಯಲ್ಲಿ ಹೇಳಿರಲಿಲ್ಲ. ಮಾತ್ರೆಯ ಹೊತ್ತಿನ ಬಗ್ಗೆ ಆ ವಾರವೇ ಡಾಕ್ಟರನ್ನು ಕೇಳಿ ಅಂದೆ.

"ಕೃಪಾಗೆ ಹೇಳು", "ಅಣ್ಣನಿಗೆ ಹೇಳಿ ಅತ್ತಿಗೆ" ಅನ್ನೋದು ನಿಲ್ಲಬೇಕು. ಅಣ್ಣ ತಂಗಿ ಮಾತು ಅವರವರೇ ಆಡಿಕೊಳ್ಳಲಿ, ಪ್ರೇಮಮ್ಮ ನಡುವೆ ಪೋಸ್ಟ್‌ಮ್ಯಾನ್ ಕೆಲಸ ಮಾಡಬಾರದು. ಇನ್ನೊಂದು ಕೀಲಿಕೈ ಮಾಡಿಸಬೇಕು, ಪ್ರೇಮಮ್ಮ ಹತ್ತಕ್ಕೆ ಮಲಗಬೇಕು. ಹಬ್ಬದ ತಯಾರಿಯಲ್ಲಿ ಯಾವುದಾದರೂ ಒಂದನ್ನು ಬಿಡಿ ಅಂದೆ, ಯಾವುದು ಅನ್ನೋದು ಅವರ ಇಷ್ಟ. ಬಹಳ ಯೋಚಿಸಿ ಚಕ್ಕುಲಿ ಬಿಟ್ಟರು. ನಾದಿನಿಯ ಟೀಕೆ ಬಂದರೆ ನುಂಗುವ ಬದಲು ಆಗಲೇ, ಅಲ್ಲೇ "ಈ ಮಾತು ನನಗೆ ಬೇಜಾರಾಯ್ತು ಕೃಪಾ" ಅನ್ನಬೇಕು. ಈ ಒಂದು ವಾಕ್ಯ ಹೇಳೋಕೆ ಅವರಿಗೆ ನನ್ನ ಎದುರು ಮೂರು ಸಲ ಅಭ್ಯಾಸ ಬೇಕಾಯಿತು. ಕೃಪಾ ಅವರಿಗೆ ಹೇಳಿದ್ದು ಕಡಿಮೆ: ಮಾರ್ಥಳ ಮಾತಿಗೆ ಕ್ಷಮೆ ಕೇಳಿ, ಬೆಳಗಿನ ಕಾಫಿ ನಿಮ್ಮದು.

ಎಲ್ಲವೂ ಹೇಳಿದ ಹಾಗೆ ನಡೆಯಿತು ಅಂದುಕೊಳ್ಳಬೇಡಿ. ಸುಂದರರಾಜ್ ಬಿಡುವ ದಿನಗಳಲ್ಲೂ "ಇದೊಂದೇ ಮನೆ" ಅಂತ ಹೋದರು. ಚಕ್ಕುಲಿಯನ್ನು ಬೇರೆ ಯಾರೋ ಮಾಡಿದರು, ಮೆತ್ತಗಾಗಿತ್ತಂತೆ. ಆದರೆ 20ನೇ ತಾರೀಕು ಅಣ್ಣ ತಂಗಿ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿದರು. ಕಾರು ಬೇಡ ಅಂದದ್ದು ಕೃಪಾ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅದಾದ ಮೇಲೆ ಅವರು ಆ ಕಡೆ ಹೋಗಿರಲೇ ಇಲ್ಲ. ಹಳೇ ಕ್ವಾರ್ಟರ್ಸ್ ಹುಡುಕಿದರು, ಗಣಿಯ ತ್ಯಾಜ್ಯ ಮಣ್ಣಿನ ಸೈನೈಡ್ ದಿಬ್ಬ ನೋಡಿದರು, ಸಮಾಧಿಯ ಮೇಲಿನ ಹುಲ್ಲು ಕಿತ್ತು ಸುಣ್ಣ ಹೊಡೆಸಿದರು. ಸಂಜೆ ರೈಲು ತಪ್ಪಿಹೋಗಿ ಬಸ್ಸಿನಲ್ಲಿ ಬಂದರು. ಆ ದಿನ ಸುಂದರರಾಜ್ ಫೋನ್ ಮನೆಯಲ್ಲೇ ಬಿಟ್ಟಿದ್ದರು. ಅದಕ್ಕೆ ಬಂದ ಕರೆಗಳನ್ನೆಲ್ಲ ಪ್ರೇಮಮ್ಮ ತೆಗೆದು ಮಾತಾಡಿದರಂತೆ, ಅದು ಬೇರೆ ವಿಷಯ.

25ರ ಬೆಳಿಗ್ಗೆ ಕೃಪಾ ಮನೆಯಲ್ಲೇ ಉಳಿದರು. ಸಭೆಯಲ್ಲಿ ಇಬ್ಬರು ಕೇಳಿದರು. "ಅವಳಿಗೆ ಈ ವರ್ಷ ಕಷ್ಟ ಇದೆ" ಅಂತ ಸುಂದರರಾಜ್ ಹೇಳಿದರು. ಕೇಳಿದವರು ಮಧ್ಯಾಹ್ನ ಬಿರಿಯಾನಿ ಕ್ಯಾರಿಯರ್ ಹಿಡಿದು ಮನೆಗೇ ಬಂದರು.

ಜನವರಿಯಲ್ಲಿ ಪ್ರೇಮಮ್ಮ ಬಂದಾಗ ಬಿಪಿ 138/86. ರಾತ್ರಿ ಆರು ಗಂಟೆ ನಿದ್ದೆ ಬರುತ್ತಿದೆ. ನಾದಿನಿ ಟಿಕೆಟ್ ಕ್ಯಾನ್ಸಲ್ ಮಾಡಿ ಸಂಕ್ರಾಂತಿ ಕಳೆದು ಹೋಗುತ್ತೇನೆ ಅಂದಿದ್ದಾರಂತೆ.

"ನಿಮಗೆ ಒಪ್ಪಿಗೇನಾ?"

"ಒಪ್ಪಿಗೆ ಅಂತ ಅಲ್ಲ" ಅಂದರು. "ಕಾಫಿ ಚೆನ್ನಾಗಿ ಮಾಡ್ತಾಳೆ. ಆದರೆ ಹದಿನೈದಕ್ಕೆ ಹೋಗಲೇಬೇಕು ಅಂತ ನಾನೇ ಹೇಳಿದ್ದೀನಿ."

ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ ಲೆಂಟ್, ಅದರ ನಲವತ್ತು ದಿನಕ್ಕೆ ಸುಂದರರಾಜ್ ಆಗಲೇ ಏಳು ಹಳ್ಳಿಯ ಸಂಜೆ ಕೂಟ ಒಪ್ಪಿಕೊಂಡುಬಿಟ್ಟಿದ್ದಾರೆ, ಮನೆಯಲ್ಲಿ ಕೇಳದೆ. ಲೆಂಟ್ ಶುರುವಾಗುವ ಬೂದಿ ಬುಧವಾರಕ್ಕೆ ಮುಂಚೆ ಇಬ್ಬರೂ ಒಟ್ಟಿಗೆ ಬರುವಂತೆ ದಿನ ಗೊತ್ತು ಮಾಡಿದ್ದೇನೆ. ಬರುವಾಗ ಆ ಕೂಟಗಳ ಪಟ್ಟಿಯನ್ನೂ, ಒಂದು ಪೆನ್ಸಿಲನ್ನೂ ತರಬೇಕು ಅಂತ ಹೇಳಿ ಕಳಿಸಿದೆ.