ಐವತ್ತೆರಡಕ್ಕೆ ಎಂ.ಎ. ಮಾಡಬಹುದಾ?

ಪ್ರಶ್ನೆ: ಮೇಡಂ, ನನಗೆ 52 ವರ್ಷ. ಬಿ.ಕಾಂ. ಓದಿದ್ದೇನೆ, ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಚರಿತ್ರೆ, ಸಮಾಜ, ರಾಜಕೀಯ ಎಲ್ಲ ಬೆರೆತಂಥ ಎಂ.ಎ. ಓದುವ ಆಸೆ. ಮಕ್ಕಳು ನಗುತ್ತಾರೆ.
– ಓದುಗರೊಬ್ಬರು, ಶಿರಸಿ

ಉತ್ತರ: ನಗಲಿ ಬಿಡಿ. ನಾನು ಇಗ್ನೊದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಮನೆಯಲ್ಲೇ ಕೂತು ಓದುವಂಥದ್ದು) ಗಾಂಧಿ ಮತ್ತು ಶಾಂತಿ ಅಧ್ಯಯನದ ಎಂ.ಎ.ಗೆ ಸೇರಿದಾಗ ನನಗೆ 49. ನೀವು ಹೇಳಿದ ಚರಿತ್ರೆ, ಸಮಾಜ, ರಾಜಕೀಯ ಮೂರೂ ಅದರಲ್ಲಿ ಬೆರೆತಿವೆ. ಯಾವ ಪದವಿಯಾದರೂ ನಡೆಯುತ್ತದೆ, ವಯಸ್ಸಿನ ಮಿತಿ ಇಲ್ಲ. ಎರಡು ವರ್ಷದ ಕೋರ್ಸನ್ನು ನಾಲ್ಕು ವರ್ಷ ಎಳೆಯಬಹುದು. ನಾನು ಎಳೆದೆ!

ಕಷ್ಟವಾಗಿದ್ದು ಓದಲ್ಲ, ಬರವಣಿಗೆ. ಇಪ್ಪತ್ತು ವರ್ಷ ದಿನಸಿ ಚೀಟಿ ಬಿಟ್ಟು ಬೇರೇನೂ ಬರೆದವಳಲ್ಲ. ಮೊದಲ ಅಸೈನ್‌ಮೆಂಟಿನ ಮೂರನೇ ಪುಟಕ್ಕೇ ಹೆಬ್ಬೆರಳು ಹಿಡಿದುಕೊಂಡಿತು. ಪರೀಕ್ಷೆಯಲ್ಲಿ ಗಂಟೆಗಟ್ಟಲೆ ಬರೆಯಬೇಕಲ್ವಾ? ದಿನಾ ಎರಡು ಪುಟ ಸುಮ್ನೆ ಬರೆದು ಕೈ ಪಳಗಿಸಿಕೊಳ್ಳಿ.

ಒಂದು ಮಾತು. ಇಗ್ನೊದ ಈ ಪಾಠಗಳು ಇಂಗ್ಲಿಷ್, ಹಿಂದಿಯಲ್ಲಿವೆ. ಕನ್ನಡದಲ್ಲೇ ಓದಬೇಕೆಂದರೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯವಿದೆ. ಆದರೆ ಅಲ್ಲಿ ಇತಿಹಾಸವೋ ಸಮಾಜಶಾಸ್ತ್ರವೋ, ಒಂದನ್ನು ಹಿಡಿಯಬೇಕು. ನಿಮ್ಮ ಬೆರಕೆ ಆಸೆಗೆ ಇಗ್ನೊ ಜಾಸ್ತಿ ಹೊಂದುತ್ತದೆ. ಪ್ರಮೋಷನ್ ಆಸೆಗೆ ಮಾತ್ರ ಸೇರಬೇಡಿ.

ಮೊದಲು ಡಿಗ್ರಿ ಮಾರ್ಕ್ಸ್ ಕಾರ್ಡ್ ಹುಡುಕಿಡಿ. ನನ್ನದು ಅಟ್ಟದ ಟ್ರಂಕಿನಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ ಸಿಕ್ಕಿತು.