ವಾರಕ್ಕೊಮ್ಮೆ 50 ಕಿ.ಮೀ. ಸೈಕಲ್ ಹೊಡೆಯುವವರು 200 ಕಿ.ಮೀ. ಬ್ರೆವೆ ಮುಗಿಸಬಹುದಾ?

ಖಂಡಿತ ಮುಗಿಸಬಹುದು. ಬ್ರೆವೆ ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ; ರೇಸ್ ಅಲ್ಲ. 200ರ ಬ್ರೆವೆಗೆ ಸಿಗುವ ಸಮಯ ಹದಿಮೂರೂವರೆ ಗಂಟೆ. ಅಂದರೆ ಗಂಟೆಗೆ 15 ಕಿ.ಮೀ. ಸಾಕು. ಆದರೆ ನೀವು ಟೀ ಕುಡಿಯುವಾಗಲೂ, ಪಂಕ್ಚರ್ ಹಾಕುವಾಗಲೂ ಗಡಿಯಾರ ಓಡುತ್ತಲೇ ಇರುತ್ತೆ. ಹಾಗಾಗಿ ತುಳಿಯುವ ವೇಗ 20ರ ಆಸುಪಾಸು ಇರಲಿ.

ಜಾಸ್ತಿ ಜನ ಸೋಲುವುದು ಕಾಲಿನಿಂದಲ್ಲ, ಹೊಟ್ಟೆಯಿಂದ. 50 ಕಿ.ಮೀ.ಗೆ ಬೆಳಗಿನ ಇಡ್ಲಿ ಸಾಕಾಗುತ್ತೆ. ಅದಕ್ಕಿಂತ ದೂರ ಹೋದರೆ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಖಾಲಿಯಾಗುತ್ತಾ ಬರುತ್ತೆ. ನನ್ನ ಮೊದಲ 200ರಲ್ಲಿ ಹಸಿವಾಗಲಿ, ಆಮೇಲೆ ತಿನ್ನೋಣ ಅಂತ ಕಾದೆ. 130ನೇ ಕಿ.ಮೀ.ಗೆ ಕೈ ನಡುಗಿ, ಚಿಕ್ಕಿಯ ಕವರ್ ಬಿಚ್ಚಲೂ ಆಗಲಿಲ್ಲ. ಮರದ ಕೆಳಗೆ ಮುಕ್ಕಾಲು ಗಂಟೆ ಕೂತೆ. ಮೊದಲ ಗಂಟೆಯಿಂದಲೇ ತಿನ್ನಿ: ಗಂಟೆಗೆ ಎರಡು ಬಾಳೆಹಣ್ಣು, ಇಲ್ಲವೇ ಒಂದು ಹಣ್ಣು, ಸ್ವಲ್ಪ ಖರ್ಜೂರ. ಬರೀ ನೀರಲ್ಲ, ಉಪ್ಪು-ಸಕ್ಕರೆ ಹಾಕಿದ ನಿಂಬೆ ಪಾನಕವೂ ಇರಲಿ.

ತಯಾರಿಗೆ ಎರಡು ತಿಂಗಳು ಕೊಡಿ. 70, 90, 120 ಅಂತ ಮೆಲ್ಲಗೆ ಏರಿಸಿ. 120 ಆರಾಮಾಗಿ ಆದರೆ 200 ಆಗುತ್ತೆ. ಆ ದಿನ ಹೊಸ ಸೀಟು, ಹೊಸ ಶೂ ಮಾತ್ರ ಬೇಡವೇ ಬೇಡ. ಮೊದಲ 50 ಕಿ.ಮೀ. ಪಕ್ಕದವರ ಜತೆ ಮಾತಾಡುವಷ್ಟು ನಿಧಾನವಾಗಿ ತುಳಿಯಿರಿ. ಯಾರಾದರೂ ಮುಂದೆ ಹೋದರೆ ಹೋಗಲಿ ಬಿಡಿ.