ಹಸಿರು ಬಣ್ಣ ಬಳಿದ ಮಾತ್ರಕ್ಕೆ ಅದು ಸೇನಾ ಹೆಲಿಕಾಪ್ಟರ್ ಆಗದು

(ಉತ್ತರಿಸುವವರು: ಹೆಲಿಕಾಪ್ಟರ್‌ಗಳ ವಾಯುಯೋಗ್ಯತೆ, ಅಂದರೆ ಸುರಕ್ಷಿತವಾಗಿ ಹಾರುವ ಅರ್ಹತೆಯ ಪರೀಕ್ಷೆಯಲ್ಲಿ ದುಡಿದು, ಈಗ ಹಾಸನದಲ್ಲಿ ನೆಲೆಸಿರುವ ನಿವೃತ್ತ ಎಂಜಿನಿಯರ್)

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಮೇಲೆ, ಈ ಭಾಗದ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇದೆ. ಅದಕ್ಕೆ ಈ ಬಾರಿ ವಿವರವಾಗಿ ಉತ್ತರಿಸುತ್ತೇನೆ. ಹೆಲಿಕಾಪ್ಟರ್ ಹೇಗೆ ಹಾರುತ್ತದೆ ಎಂಬ ಪಾಠವನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

ಪ್ರಶ್ನೆ: ಸರ್, ಚುನಾವಣೆಯ ಕಾಲದಲ್ಲಿ ನಮ್ಮ ಚಿಕ್ಕಮಗಳೂರಿಗೆ ಬಂದಿಳಿಯುವಂಥ ಖಾಸಗಿ ಹೆಲಿಕಾಪ್ಟರ್‌ಗಳನ್ನೇ ಕೊಂಡು, ಬಣ್ಣ ಬದಲಿಸಿ, ಬಂದೂಕು ಜೋಡಿಸಿ ಸೇನೆಗೆ ಕೊಡಬಾರದೇಕೆ? ಹೊಸದಾಗಿ ವಿನ್ಯಾಸ ಮಾಡಲು ವರ್ಷಗಟ್ಟಲೆ ಕಾಯುವುದೇಕೆ?

ಉತ್ತರ: ಮೊದಲು ತೂಕದ ಲೆಕ್ಕ ಹಾಕಿ. ಸುಮಾರು 2,250 ಕಿಲೋ ಗರಿಷ್ಠ ತೂಕದ, ಒಂದೇ ಎಂಜಿನ್ನಿನ ಹೆಲಿಕಾಪ್ಟರ್ ಒಂದನ್ನು ತೆಗೆದುಕೊಳ್ಳೋಣ. ಅದರ ಖಾಲಿ ತೂಕವನ್ನು ಕಳೆದರೆ ಹೊರಬಹುದಾದ ಭಾರ ಹೆಚ್ಚುಕಡಿಮೆ 1,000 ಕಿಲೋ. ಇಂಧನಕ್ಕೆ 420, ಸಜ್ಜಾದ ಇಬ್ಬರು ಪೈಲಟ್‌ಗಳಿಗೆ 180 ಎಂದಿಟ್ಟುಕೊಂಡರೆ ಉಳಿಯುವುದು 400. ಆಸನಗಳ ಕವಚ, ಬಂದೂಕು ಮತ್ತು ಗುಂಡು, ಕ್ಷಿಪಣಿ ಎಚ್ಚರಿಕೆಯ ಸಾಧನ, ಎಂಜಿನ್ನಿನ ಬಿಸಿ ಹೊಗೆಯನ್ನು ತಣಿಸುವ ಸಾಧನ, ಗುಪ್ತಭಾಷೆಯ ರೇಡಿಯೋ ಇವೆಲ್ಲ ಅದರೊಳಗೇ ಅಡಗಬೇಕು. ಅಷ್ಟಾದ ಮೇಲೆ ಸೈನಿಕರಿಗೆ ಜಾಗವೆಲ್ಲಿ? ಇದೂ ಸಮುದ್ರಮಟ್ಟದ ಲೆಕ್ಕ. ಸುಮಾರು 950 ಮೀಟರ್ ಎತ್ತರದ ಹಾಸನದಲ್ಲಿ, 35 ಡಿಗ್ರಿ ಬಿಸಿಲಿನ ಮಧ್ಯಾಹ್ನ, ಗಾಳಿಯ ಸಾಂದ್ರತೆ ಪ್ರಮಾಣಿತ ಮಟ್ಟಕ್ಕಿಂತ ಶೇ 16ರಷ್ಟು ಕಡಿಮೆ ಇರುತ್ತದೆ; 6,000 ಮೀಟರ್ ಎತ್ತರದ ಹಿಮನದಿಯ ಠಾಣೆಯಲ್ಲಿ ಅದು ಅರ್ಧಕ್ಕೆ ಇಳಿದಿರುತ್ತದೆ. ಕಾಫಿ ಮೂಟೆ ಹೇರಿದ ಜೀಪನ್ನು ಚಾರ್ಮಾಡಿ ಘಾಟಿಯಲ್ಲಿ ಓಡಿಸಿದವರಿಗೆ ಭಾರ ಎಂದರೇನೆಂದು ನಾನು ಹೇಳಬೇಕಾಗಿಲ್ಲ. ಆದರೆ ಜೀಪು ಏರಲಾರದೆ ನಿಂತರೆ ಮೂಟೆ ಇಳಿಸಬಹುದು, ಹೆಲಿಕಾಪ್ಟರಿನಲ್ಲಿ ಆ ಅವಕಾಶವಿಲ್ಲ.

ತೂಕಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನಾಗರಿಕ ನಿಯಮಗಳು ಒಂದು ಭಾಗ ತಾನಾಗಿ ಕೆಡುವ ಸಂಭವ ಎಷ್ಟು ಎಂದು ಕೇಳುತ್ತವೆ. ಸೇನೆಯಾದರೋ, ಅದನ್ನು ಕೆಡಿಸಲೆಂದೇ ಎದುರಿಗೊಬ್ಬ ಕುಳಿತಿದ್ದಾನೆ ಎಂದು ಭಾವಿಸಿ ಹೊರಡುತ್ತದೆ. ಸಿಕೋರ್ಸ್ಕಿ ಎಸ್-92 ಎಂಬ ಒಳ್ಳೆಯ ನಾಗರಿಕ ಹೆಲಿಕಾಪ್ಟರಿನ ಗೇರ್‌ಬಾಕ್ಸ್‌ನಿಂದ ಎಣ್ಣೆ ಪೂರ್ತಿ ಸೋರಿಹೋಗುವ ಸಂಭವ ಅತ್ಯಂತ ವಿರಳ ಎಂಬ ವಾದದ ಮೇಲೆ, ಎಣ್ಣೆಯಿಲ್ಲದೆ 30 ನಿಮಿಷ ಓಡಬೇಕೆಂಬ ಷರತ್ತಿನಿಂದ ಅದಕ್ಕೆ ವಿನಾಯಿತಿ ಸಿಕ್ಕಿತ್ತು. 2009ರ ಮಾರ್ಚ್ 12ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಿನ ಮೇಲೆ ಎಣ್ಣೆ ಫಿಲ್ಟರಿನ ಬಟ್ಟಲನ್ನು ಹಿಡಿದಿದ್ದ ಟೈಟಾನಿಯಂ ತಿರುಪುಮೊಳೆಗಳು ಮುರಿದವು, ಎಣ್ಣೆ ಸೋರಿತು, ಹೆಲಿಕಾಪ್ಟರ್ ನೀರಿಗೆ ಬಿತ್ತು. ಅದರಲ್ಲಿದ್ದ 18 ಮಂದಿಯಲ್ಲಿ 17 ಮಂದಿ ತೀರಿಕೊಂಡರು. ಶಾಂತಿಕಾಲದ ಹಾರಾಟದಲ್ಲೇ ಹೀಗಾದರೆ, ಒಂದು ಗುಂಡು ತಗುಲಿದರೆ ಎಣ್ಣೆ ಹೋಗುವ ಯುದ್ಧಭೂಮಿಯಲ್ಲಿ ಆ ವಿನಾಯಿತಿಗೆ ಏನು ಅರ್ಥ?

ಇದೇ ಎಸ್-92ರ ನೌಕಾ ರೂಪವಾದ ಸೈಕ್ಲೋನ್ ಅನ್ನು ಕೆನಡಾ 2004ರಲ್ಲಿ ಬೇಕೆಂದಿತು. 28 ಹೆಲಿಕಾಪ್ಟರ್‌ಗಳು 2008ರಿಂದ ಕೈಸೇರಬೇಕಿತ್ತು. ಹಡಗಿನ ಮೇಲೆ ಅವು ನಿಜವಾಗಿ ಕಾರ್ಯಾಚರಣೆಗೆ ಹೊರಟದ್ದು 2018ರಲ್ಲಿ. ಪರಿಚಿತ ವಿನ್ಯಾಸ, ಬೇಗ ಸಿಗುತ್ತದೆ ಎಂಬ ನಂಬಿಕೆಯಿತ್ತು. ಆದರೆ ಹಳೆಯ ಯಾಂತ್ರಿಕ ನಿಯಂತ್ರಣದ ಜಾಗದಲ್ಲಿ ಕಂಪ್ಯೂಟರ್ ನಿಯಂತ್ರಣ ಬಂತು, ರೇಡಾರ್, ಸೋನಾರ್ ಬಂದವು. 2020ರ ಏಪ್ರಿಲ್ 29ರಂದು ಅಯೋನಿಯನ್ ಸಮುದ್ರದಲ್ಲಿ ಅಂಥದೊಂದು ಸೈಕ್ಲೋನ್ ಬಿದ್ದು ಆರು ಮಂದಿ ಸತ್ತರು. ಸ್ವಯಂಚಾಲಿತ ವ್ಯವಸ್ಥೆ ಚಾಲನೆಯಲ್ಲಿರುವಾಗಲೇ ಪೈಲಟ್ ಕೈಯಿಂದ ತಿರುವು ಕೊಟ್ಟದ್ದರಿಂದ ಸಾಫ್ಟ್‌ವೇರಿನೊಳಗೆ ಆದೇಶಗಳು ಶೇಖರಗೊಂಡು, ಯಂತ್ರ ನಿರೀಕ್ಷಿಸಿದಂತೆ ಸ್ಪಂದಿಸಲಿಲ್ಲ ಎಂದು ತನಿಖೆ ಕಂಡುಕೊಂಡಿತು. ಪ್ರಮಾಣೀಕರಣದ ಕಾಲದಲ್ಲಿ ಈ ಸಂದರ್ಭ ಗಮನಕ್ಕೆ ಬಂದಿರಲಿಲ್ಲ. ಪರೀಕ್ಷೆಗೆ ಏಕೆ ಇಷ್ಟು ವರ್ಷ ಎಂದು ಕೇಳುವವರಿಗೆ ನಾನು ಈ ಆರು ಮಂದಿಯ ಮಾತನ್ನೇ ಎತ್ತುತ್ತೇನೆ.

ಅಮೆರಿಕದ ಎರಡು ನಿದರ್ಶನಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬೆಲ್ 407 ಎಂಬ ನಾಗರಿಕ ಹೆಲಿಕಾಪ್ಟರನ್ನು ಸಶಸ್ತ್ರ ಬೇಹುಗಾರಿಕೆಗೆ ಒಗ್ಗಿಸುವ ಒಪ್ಪಂದ 2005ರಲ್ಲಿ ಆಯಿತು. ಎಂಜಿನ್ ಬದಲಾಯಿತು, ಆಯುಧ ಸೇರಿತು, ಒಂದೊಂದರ ಬೆಲೆ ಸುಮಾರು 85 ಲಕ್ಷ ಡಾಲರಿನಿಂದ 1.45 ಕೋಟಿ ಡಾಲರಿಗೆ ಏರಿತು, 2008ರ ಅಕ್ಟೋಬರಿನಲ್ಲಿ ಯೋಜನೆಯೇ ರದ್ದಾಯಿತು. 2006ರಲ್ಲಿ ಆರಿಸಿದ ಇಸಿ-145 ಎಂಬ ಇನ್ನೊಂದು ನಾಗರಿಕ ಹೆಲಿಕಾಪ್ಟರ್ ಮಾತ್ರ ಲಕೋಟಾ ಎಂಬ ಹೆಸರಿನಲ್ಲಿ ನೂರಾರು ಸಂಖ್ಯೆಯಲ್ಲಿ ಸೇವೆಗೆ ಬಂತು. ಅದನ್ನು ಯುದ್ಧರಂಗಕ್ಕೆ ಕಳುಹಿಸುವುದಿಲ್ಲ ಎಂದು ಮೊದಲೇ ತೀರ್ಮಾನಿಸಿ, ಸಾಗಾಟ, ರಕ್ಷಣೆ, ತರಬೇತಿಗೆ ಇಟ್ಟುಕೊಂಡರು. ಅದರಲ್ಲೂ ಬಿಸಿಲಿನ ಪರೀಕ್ಷೆಯಲ್ಲಿ ಒಳಭಾಗ ಕಾದು, ತಂಪು ಯಂತ್ರ ಜೋಡಿಸಬೇಕಾಯಿತು. ನಾಗರಿಕ ವಿನ್ಯಾಸದಿಂದ ನಾಗರಿಕ ಸ್ವರೂಪದ ಕೆಲಸವನ್ನೇ ಕೇಳಿದರೆ ಹಣ ಉಳಿಯುತ್ತದೆ. ಹೋರಾಟ ಕೇಳಿದರೆ ಉಳಿಯುವುದು ಹೆಸರು ಮಾತ್ರ, ಯಂತ್ರವನ್ನು ಒಳಗಿನಿಂದ ಮತ್ತೆ ಕಟ್ಟಬೇಕಾಗುತ್ತದೆ.

ಸಣ್ಣ ಬದಲಾವಣೆಯೆಂದು ಕಂಡದ್ದೂ ಸಣ್ಣದಲ್ಲ. ರಾತ್ರಿ ನೋಟದ ಕನ್ನಡಕ ಧರಿಸಿದ ಪೈಲಟ್‌ಗೆ ಫಲಕದ ಒಂದು ಸಾಮಾನ್ಯ ಕೆಂಪು ದೀಪ ಸಾಕು, ಹೊರಗಿನ ಬೆಟ್ಟ ಮರೆಯಾಗಲು. ಆದ್ದರಿಂದ ಪ್ರತಿ ದೀಪವನ್ನೂ ಬದಲಿಸಬೇಕು. ನಾನು ಕೆಲಸದಲ್ಲಿದ್ದಾಗ ಹೊರಮೈಗೆ ಬಿಗಿದ ಕ್ಯಾಮೆರಾದ ಆಧಾರಪಟ್ಟಿಯೊಂದು ರೋಟರಿನ, ಅಂದರೆ ತಿರುಗುವ ರೆಕ್ಕೆಗಳ ಕಂಪನಕ್ಕೆ ಬಿರುಕು ಬಿಟ್ಟಿತ್ತು. ನೆಲದ ಮೇಲಿನ ತಪಾಸಣೆಯಲ್ಲಿ ಅದು ಕಣ್ಣಿಗೆ ಬಿದ್ದದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಆ ದಿನದಿಂದ, ಹಾರಿಸಿ ನೋಡೋಣ ಎನ್ನುವ ಮಾತನ್ನು ನಾನು ಒಪ್ಪಿಲ್ಲ.

ಪ್ರಶ್ನೆ: ಗುಂಡು ತಡೆಯುವ ಲೇಪನ ಹಚ್ಚಿದರೆ ಕವಚವೇ ಬೇಡವೆಂದು ವಿಡಿಯೋದಲ್ಲಿ ನೋಡಿದೆ, ನಿಜವೇ?

ಉತ್ತರ: ಸುಳ್ಳು; ಅದನ್ನು ಹೇಳುವವರು ಜನರ ಪ್ರಾಣದ ಜೊತೆ ಆಟವಾಡುತ್ತಿದ್ದಾರೆ.

ಪ್ರಶ್ನೆ: ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುತ್ತದೆಯಲ್ಲವೇ?

ಉತ್ತರ: ಇಲ್ಲ. ಎತ್ತರ ಮತ್ತು ವೇಗ ಸಾಕಷ್ಟಿದ್ದರೆ ರೋಟರ್ ಗಾಳಿಗೆ ತಿರುಗುತ್ತಲೇ ಇಳಿಸುತ್ತದೆ.

ಪ್ರಶ್ನೆ: ಸೇನೆಯ ಚೀತಾ ಕೂಡ ಫ್ರಾನ್ಸಿನ ಹಳೆಯ ಹೆಲಿಕಾಪ್ಟರಿನಿಂದ ಬಂದದ್ದೇ ತಾನೆ?

ಉತ್ತರ: ಹೌದು, ಆದರೆ ಅದು ಬಣ್ಣ ಬದಲಿಸಿದ ಕಥೆಯಲ್ಲ. ಹಿಮಾಲಯದ ಎತ್ತರ ಏರಬೇಕೆಂಬ ಭಾರತದ ಬೇಡಿಕೆಗಾಗಿ ಅಲುಯೆಟ್-2ರ ಬಲಪಡಿಸಿದ ಒಡಲಿಗೆ ಅಲುಯೆಟ್-3ರ ಎಂಜಿನ್, ರೋಟರ್ ಕೂಡಿಸಿ ಲಾಮಾ ಎಂಬುದನ್ನು ರೂಪಿಸಿದರು. 1969ರಲ್ಲಿ ಅದು ಮೊದಲು ಹಾರಿತು, 1972ರಲ್ಲಿ 12,442 ಮೀಟರ್ ಏರಿ ದಾಖಲೆ ಮಾಡಿತು. ಅದರ ನಮ್ಮ ರೂಪವೇ ಚೀತಾ.

ಪ್ರಶ್ನೆ: ನಾನು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮಾಡಿದರೆ ಸೇನಾ ಹೆಲಿಕಾಪ್ಟರ್ ಪ್ರಮಾಣೀಕರಣದ ಕೆಲಸ ಸಿಗುತ್ತದೆಯೇ?

ಉತ್ತರ: ಸಿಗುವುದಿಲ್ಲ, ಆ ದುಡ್ಡನ್ನು ಉಳಿಸಿಕೊಳ್ಳಿ. ನಮ್ಮಲ್ಲಿ ನಾಗರಿಕ ಯಂತ್ರಗಳಿಗೆ ಡಿಜಿಸಿಎ, ಸೇನೆಯವಕ್ಕೆ ಬೆಂಗಳೂರಿನ ಸೆಮಿಲಾಕ್ ವಾಯುಯೋಗ್ಯತೆಯ ಹೊಣೆ ಹೊತ್ತಿವೆ. ಮೊದಲು ಕಂಪನ ಮತ್ತು ಲೋಹದ ದಣಿವಿನ ಪಾಠಗಳನ್ನು ಗಟ್ಟಿಯಾಗಿ ಕಲಿಯಿರಿ. ಬಳಿಕ, 2009ರ ಎಸ್-92 ದುರಂತದ ತನಿಖಾ ವರದಿ ಎಲ್ಲರಿಗೂ ಲಭ್ಯವಿದೆ, ಅದನ್ನು ಪೂರ್ತಿ ಓದಿ, ಆ ಮೊಳೆಗಳ ಭಾಗದಲ್ಲಿ ನಿಮಗೇನಾದರೂ ಅರ್ಥವಾಗದಿದ್ದರೆ ನನಗೆ ಬರೆಯಿರಿ.